ಎಲ್‌ಡಿಪಿಇ, ಎಚ್‌ಡಿಪಿಇ: ಎಫ್‌ಟಿಐಆರ್‌ನಲ್ಲಿ ವ್ಯತ್ಯಾಸ ಹೇಗೆ ನೋಡುವುದು?

ಭೋಸರಿ_ಹುಡುಗ: ಪುಣೆಯಲ್ಲಿ ಪ್ಯಾಕಿಂಗ್ ಫಿಲ್ಮ್ ಲ್ಯಾಬ್‌ಗೆ ಹೊಸದಾಗಿ ಸೇರಿದ್ದೇನೆ. ಎಫ್‌ಟಿಐಆರ್‌ಗೆ (ಇನ್‌ಫ್ರಾರೆಡ್ ಬೆಳಕಿನಿಂದ ವಸ್ತು ಗುರುತಿಸುವ ಯಂತ್ರ) ಎರಡು ಸ್ಯಾಂಪಲ್ ಹಾಕಿದೆ, ಎರಡೂ ಪಾಲಿಎಥಿಲೀನ್ ಅಂತಲೇ ಬಂತು. ಪೀಕ್‌ಗಳು 2915, 2848, 1470, 720 cm⁻¹, ಎಲ್ಲ ಒಂದೇ! ಯಾವುದು ಎಲ್‌ಡಿ (ಕಡಿಮೆ ಸಾಂದ್ರತೆಯದು), ಯಾವುದು ಎಚ್‌ಡಿ (ಹೆಚ್ಚು ಸಾಂದ್ರತೆಯದು) ಅಂತ ಹೇಗೆ ಹೇಳಲಿ?

ಹಡಪ್ಸರ್_ಅಕ್ಕ: ಯಂತ್ರದ ಲೈಬ್ರರಿ (ಹೋಲಿಸಿ ನೋಡುವ ಸ್ಪೆಕ್ಟ್ರಮ್‌ಗಳ ಸಂಗ್ರಹ) ಹೇಳಿದ್ದನ್ನು ಸುಮ್ನೆ ನಂಬಬೇಡಿ. 1377ರ ಹತ್ತಿರ ಝೂಮ್ ಮಾಡಿ. ಅದು ಮೀಥೈಲ್ (CH₃ ಗುಂಪು) ಗುರುತು. ಎಲ್‌ಡಿಯ ಸರಪಳಿಗೆ ಕವಲು ಜಾಸ್ತಿ, ಕವಲಿನ ತುದಿಯಲ್ಲಿ ಮೀಥೈಲ್ ಇರುತ್ತದೆ ಅಲ್ವಾ, ಹಾಗಾಗಿ ಪುಟ್ಟ ಪೀಕ್ ಕಾಣುತ್ತದೆ. ಎಚ್‌ಡಿಯಲ್ಲಿ ತೀರಾ ಕಡಿಮೆ.

ಹಳೇ_ಕೆಮಿಸ್ಟ್: ಸರಿ, ಆದರೆ ಎಲ್‌ಎಲ್‌ಡಿಪಿಇಯಲ್ಲೂ (ಕಡಿಮೆ ಸಾಂದ್ರತೆಯ ಇನ್ನೊಂದು ಬಗೆಯ ಪಾಲಿಎಥಿಲೀನ್) ಕವಲಿದೆ, ಅಲ್ಲಿ ಎಡವುತ್ತೀರಿ. ಡಿಎಸ್‌ಸಿಯನ್ನೂ (ಬಿಸಿ ಮಾಡುತ್ತಾ ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ. ಎಲ್‌ಡಿ ಸುಮಾರು 110 ಡಿಗ್ರಿಗೆ ಕರಗುತ್ತದೆ, ಎಚ್‌ಡಿ 130ರ ಆಸುಪಾಸು.

ಭೋಸರಿ_ಹುಡುಗ: ಎರಡನೆಯದರಲ್ಲಿ 1377 ಸಿಕ್ಕಿತು ಅಕ್ಕ! ಡಿಎಸ್‌ಸಿಗೆ ಸೋಮವಾರ ಕೊಡುತ್ತೇನೆ.