ಪಾರ್ಶ್ವವಾಯು ಪೀಡಿತರನ್ನು ಮಂಚದಿಂದ ಗಾಲಿಕುರ್ಚಿಗೆ ಸಾಗಿಸಲು ಯಾವ ಸಾಧನ ಸೂಕ್ತ?

ಪ್ರಶ್ನೆ:
ನಮ್ಮ ತಂದೆಯವರಿಗೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿದೆ. ತೂಕ ಸುಮಾರು 80 ಕೆ.ಜಿ. ಆಸರೆ ಕೊಟ್ಟರೆ ಎಡಗಾಲಿನ ಮೇಲೆ ಸ್ವಲ್ಪ ಹೊತ್ತು ಭಾರ ಬಿಡಬಲ್ಲರು. ಹೇಳಿದ ಮಾತು ಅರ್ಥವಾಗುತ್ತದೆ. ತಾಯಿಯವರೂ ನಾನೂ ಅವರ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದೇವೆ. ಇದರಿಂದ ತಾಯಿಯವರ ಸೊಂಟ ಹಿಡಿದುಕೊಂಡಿದೆ, ತಂದೆಯವರಿಗೆ ಬಲಭುಜದ ನೋವು ಆರಂಭವಾಗಿದೆ. ಪೇಷೆಂಟ್ ಲಿಫ್ಟ್ (ರೋಗಿಯನ್ನು ಎತ್ತಿ ಸಾಗಿಸುವ ಚಕ್ರದ ಸಾಧನ) ಕೊಳ್ಳಬೇಕೆಂದಿದ್ದೇವೆ. ನಮ್ಮದು ಅಡಿಯಲ್ಲಿ ಸಾಮಾನು ತುಂಬುವ ಬಾಕ್ಸ್ ಮಂಚ. ಯಾವ ಮಾದರಿ ಹೊಂದೀತು?

ಉತ್ತರ (ಫಿಸಿಯೋಥೆರಪಿಸ್ಟ್):
ಕಂಕುಳಿಗೆ ಕೈಕೊಟ್ಟು ಎತ್ತುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಸ್ವಾಧೀನ ತಪ್ಪಿದ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ದುರ್ಬಲವಾಗಿರುವುದರಿಂದ, ಹಾಗೆ ಎಳೆದಾಗ ಮೂಳೆ ಕೀಲಿನಿಂದ ಜಾರುವ ಸಂಭವವಿದೆ. ವೈದ್ಯರಿಗೆ ಭುಜವನ್ನು ತೋರಿಸಿ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಮೀರಬಾರದೆಂದು ಅಮೆರಿಕದ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದ್ದರು. ನಿಮ್ಮಿಬ್ಬರ ಪಾಲಿನ ಭಾರ ಅದಕ್ಕಿಂತ ಎಷ್ಟೋ ಹೆಚ್ಚು.

ಒಂದು ಕಾಲಿನ ಮೇಲೆ ಭಾರ ಬಿಡಬಲ್ಲವರಿಗೆ ಸಾಮಾನ್ಯವಾಗಿ, ಕುಳಿತವರನ್ನು ಎಬ್ಬಿಸಿ ನಿಲ್ಲಿಸುವ ಸಿಟ್-ಟು-ಸ್ಟ್ಯಾಂಡ್ ಲಿಫ್ಟ್ ಸಾಕು. ಆದರೆ ಅದರ ಪಟ್ಟಿಯೂ ಕಂಕುಳಿನ ಕೆಳಗೇ ಹಾದು ಹೋಗುವುದರಿಂದ, ಭುಜದ ನೋವಿರುವಾಗ ನಾನು ಅದನ್ನು ಸೂಚಿಸಲಾರೆ. ತೊಡೆಯ ಕೆಳಗಿನಿಂದ ಬೆನ್ನಿನವರೆಗೆ ಆಸರೆ ಕೊಡುವ ಸ್ಲಿಂಗ್ (ಬಟ್ಟೆಯ ಜೋಲಿ) ಇರುವ ಲಿಫ್ಟೇ ಸದ್ಯಕ್ಕೆ ಮೇಲು. ಆಸರೆಯಿಲ್ಲದೆ ಕುಳಿತುಕೊಳ್ಳಬಲ್ಲರಾದರೆ, ಗಾಲಿಕುರ್ಚಿಯನ್ನು ಎಡಭಾಗದಲ್ಲಿ ನಿಲ್ಲಿಸಿ, ಅದರ ಕೈಯಾಸರೆಯನ್ನು ತೆಗೆದು, ಮಂಚಕ್ಕೂ ಕುರ್ಚಿಗೂ ನಡುವೆ ಇಡುವ ನುಣುಪು ಹಲಗೆಯಾದ ಟ್ರಾನ್ಸ್‌ಫರ್ ಬೋರ್ಡ್ ಮೇಲೆ ಸರಿಸುವುದನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿನಲ್ಲಿ ಕಲಿಯಬಹುದು.

ಉತ್ತರ (ಇಂಗ್ಲೆಂಡಿನಲ್ಲಿರುವ ಶುಶ್ರೂಷಕಿ):
ಅಂಗಡಿಯವರು ಮೋಟಾರನ್ನು ಹೊಗಳುತ್ತಾರೆ. ನೀವು ಸ್ಲಿಂಗನ್ನು ನೋಡಿ. ಅಳತೆ ದೊಡ್ಡದಾದರೆ ರೋಗಿ ನಡುವಿನಿಂದ ಜಾರಬಹುದು, ಚಿಕ್ಕದಾದರೆ ತೊಡೆ ಕತ್ತರಿಸುತ್ತದೆ. ಶೌಚಕ್ಕೆ ಅನುಕೂಲವೆಂದು ತೋರಿಸುವ ದೊಡ್ಡ ತೆರಪಿನ ಸ್ಲಿಂಗ್, ಮೈಯ ಹಿಡಿತ ಇಲ್ಲದವರಿಗೆ ಬೇಡ. ಇಲ್ಲಿ ಕೆಲಸದ ಸ್ಥಳಗಳಲ್ಲಿ ಬಳಸುವ ಇಂಥ ಲಿಫ್ಟು, ಸ್ಲಿಂಗುಗಳನ್ನು 1998ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪರಿಣತರು ತಪಾಸಣೆ ಮಾಡಬೇಕು. ಮನೆಯಲ್ಲಾದರೆ ಪ್ರತಿ ಬಾರಿಯೂ ಹೊಲಿಗೆ, ಕುಣಿಕೆಗಳನ್ನು ನೀವೇ ನೋಡಿಕೊಳ್ಳಿ. ನೂಲು ಬಿಟ್ಟಿದ್ದರೆ ಬಳಸಬೇಡಿ.

ಎತ್ತುವಾಗ ಗಾಲಿಕುರ್ಚಿಗೆ ಬ್ರೇಕ್ ಹಾಕಿರಬೇಕು. ಲಿಫ್ಟಿನ ಚಕ್ರಗಳನ್ನು ಮಾತ್ರ, ತಯಾರಕರು ಬೇರೆ ರೀತಿ ಹೇಳಿರದಿದ್ದರೆ, ಬ್ರೇಕ್ ಹಾಕದೆ ಬಿಟ್ಟಿರಬೇಕು. ಭಾರ ನಡುವಿಗೆ ಬರುವಂತೆ ಅದು ತಾನಾಗಿ ಸ್ವಲ್ಪ ಸರಿಯಬೇಕಾಗುತ್ತದೆ.

ಉತ್ತರ (ಮನೆಯಲ್ಲಿ ಲಿಫ್ಟ್ ಬಳಸುತ್ತಿರುವವರು):
ಬಾಕ್ಸ್ ಮಂಚವಿದ್ದರೆ ಲಿಫ್ಟ್ ಬಂದರೂ ಪ್ರಯೋಜನವಿಲ್ಲ, ಏಕೆಂದರೆ ಲಿಫ್ಟಿನ ಕಾಲುಗಳು ಮಂಚದ ಅಡಿಗೆ ಹೋಗಲೇಬೇಕು. ಕಾಲುಗಳಿರುವ ಮಂಚಕ್ಕೆ ಬದಲಾಯಿಸಿ, ಅಡಿಯ ತೆರವನ್ನೂ ಲಿಫ್ಟಿನ ಕಾಲಿನ ಎತ್ತರವನ್ನೂ ಅಳೆದುಕೊಂಡೇ ಕೊಳ್ಳಿ. ಬಚ್ಚಲಿನ ಹೊಸ್ತಿಲನ್ನು ಅದರ ಪುಟ್ಟ ಚಕ್ರಗಳು ದಾಟುವುದಿಲ್ಲ. ಅಲ್ಲಿಗೆ ಕಮೋಡ್ ಕುರ್ಚಿಯನ್ನೇ ಬಳಸಿ. ಸಾಧ್ಯವಿದ್ದರೆ ಮೊದಲು ಬಾಡಿಗೆಗೆ ತನ್ನಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮಂಚ ಬದಲಾಯಿಸುತ್ತೇವೆ. ಎತ್ತಿರುವಾಗಲೇ ಕರೆಂಟು ಹೋದರೆ?

ಉತ್ತರ (ಫಿಸಿಯೋಥೆರಪಿಸ್ಟ್):
ಈಗಿನ ವಿದ್ಯುತ್ ಲಿಫ್ಟುಗಳು ಸಾಮಾನ್ಯವಾಗಿ ಬ್ಯಾಟರಿಯಿಂದಲೇ ನಡೆಯುತ್ತವೆ. ಬ್ಯಾಟರಿಯೇ ಕೈಕೊಟ್ಟರೆ ಕೆಳಗಿಳಿಸಲು ತುರ್ತು ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ, ತಂದೆಯವರನ್ನು ಎತ್ತುವುದಕ್ಕೆ ಮುಂಚೆ ನೀವೇ ಸ್ಲಿಂಗಿನಲ್ಲಿ ಕುಳಿತು ಅದನ್ನು ಪರೀಕ್ಷಿಸಿ.