ಕೋಳಿ ಸಾಕುವವರ ಗುಂಪಿನ ಪ್ರಶ್ನೋತ್ತರ: ಈಗಷ್ಟೇ ಹೊರಬಂದ ಕೋಳಿಮರಿ ಇಷ್ಟು ಜೋರಾಗಿ ಕೂಗುವುದೇಕೆ?

ತೀರ್ಥಹಳ್ಳಿಯ ಸದಸ್ಯೆ: ಡಾಕ್ಟರೇ, ನಮಸ್ಕಾರ. ನಮ್ಮ ನಾಟಿ ಹೇಂಟೆಯನ್ನು ಎಂಟು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದೆವು. ನಿನ್ನೆ ಸಂಜೆ, 20ನೆಯ ದಿನ, ಒಂದು ಮರಿ ಹೊರಬಂತು. ತಾಯಿ ತುಳಿದೀತೆಂಬ ಭಯದಿಂದ ಅದನ್ನು ತೆಗೆದು, ಭತ್ತದ ಹೊಟ್ಟು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಇಟ್ಟಿದ್ದೇವೆ. ರಾತ್ರಿಯಿಡೀ ಕಿವಿಗಡಚಿಕ್ಕುವಂತೆ ಕೂಗಿದೆ. ಬಲ್ಬು ಒಮ್ಮೆಯೂ ಆರಿಲ್ಲ. ಹೊಟ್ಟೆನೋವಿರಬಹುದೇ?

ಪಶುವೈದ್ಯರು: ಯಾವ ಬಲ್ಬು? ಹೇಂಟೆ ಉಳಿದ ಮೊಟ್ಟೆಗಳ ಮೇಲೆ ಕೂತಿದೆಯೇ?

ತೀರ್ಥಹಳ್ಳಿಯ ಸದಸ್ಯೆ: 9 ವ್ಯಾಟಿನ ಎಲ್‌ಇಡಿ. ಹೇಂಟೆ ಕೂತಿದೆ, ಆದರೆ ಬೆಳಿಗ್ಗೆಯಿಂದ ಎರಡು ಸಲ ಎದ್ದು ಪೆಟ್ಟಿಗೆಯತ್ತ ಬಂದಿದೆ.

ಪಶುವೈದ್ಯರು: ಹಾಗಾದರೆ ಕಾರಣ ಹೊಟ್ಟೆಯಲ್ಲಿಲ್ಲ. ಎಲ್‌ಇಡಿಯಿಂದ ಬೆಳಕು ಬರುತ್ತದೆಯೇ ಹೊರತು ಮರಿಗೆ ಬೇಕಾದಷ್ಟು ಶಾಖ ಬರುವುದಿಲ್ಲ. ಮೊದಲ ವಾರ ಮರಿ ನಿಲ್ಲುವ ಜಾಗದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಜಡಿಮಳೆಯಲ್ಲಿ ಮಲೆನಾಡಿನ ಮನೆಯೊಳಗೂ ಅಷ್ಟು ಬಿಸಿ ಇರುವುದಿಲ್ಲ. ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಮರಿಗೆ ಬರಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಚಳಿಯಾದರೂ ಒಂಟಿಯಾದರೂ ಅದು ಮಾಡಬಲ್ಲದ್ದು ತಾಯಿಗೆ ಕೇಳಿಸುವಂತೆ ಕೂಗುವುದೊಂದೇ.

ಕೂಗನ್ನು ಕಿವಿಗೊಟ್ಟು ಕೇಳಿ. ಸಂಕಟದ ಕೂಗು ಜೋರಾಗಿರುತ್ತದೆ, ಬಿಡುವಿಲ್ಲದೆ ಬರುತ್ತದೆ, ಪ್ರತಿ ಸಲವೂ ಮೇಲಿನ ಸ್ವರದಿಂದ ಕೆಳಕ್ಕೆ ಇಳಿಯುತ್ತದೆ. ನೆಮ್ಮದಿಯ ಚಿಲಿಪಿಲಿ ಮೆಲ್ಲಗಿದ್ದು ಮೇಲಕ್ಕೆ ಏರುತ್ತದೆ. ಮರಿಯನ್ನು ಎರಡು ಅಂಗೈಗಳ ನಡುವೆ ಮುಚ್ಚಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಕೂಗು ತಗ್ಗಿ ಕಣ್ಣು ಮುಚ್ಚಿದರೆ ಚಳಿಯೋ ಒಂಟಿತನವೋ ಕಾರಣವೆಂದು ತಿಳಿಯಿರಿ. ನನಗೆ ಹೆಚ್ಚು ಭಯವಿರುವುದು ಮರಿ ತಾನಾಗಿ ಸುಮ್ಮನಾದಾಗ. ಚಳಿ ಹಿಡಿದ ಮರಿ ಕೂಗಿ ಕೂಗಿ ದಣಿದು ನಿಲ್ಲಿಸುತ್ತದೆ, ಕಾಲು ತಣ್ಣಗಾಗಿ ಕತ್ತು ವಾಲುತ್ತದೆ. ಮನೆಯವರು ನಿದ್ದೆ ಬಂತೆಂದು ದೀಪ ಆರಿಸಿ ಮಲಗುತ್ತಾರೆ.

ಹೇಂಟೆಯ ವಿಷಯವನ್ನೂ ಗಮನಿಸಿ. ಮರಿ ಹೊರಬರುವುದಕ್ಕೆ ಒಂದೆರಡು ದಿನ ಮೊದಲೇ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಜಾಗಕ್ಕೆ ಕೊಕ್ಕು ಚಾಚಿ, ಉಸಿರೆಳೆದು ಕೂಗತೊಡಗುತ್ತದೆ, ಹೇಂಟೆ ಮೆಲುದನಿಯಲ್ಲಿ ಉತ್ತರ ಕೊಡುತ್ತದೆ. ಹೀಗೆ ಪರಿಚಯವಾದ ಮರಿಯನ್ನು ನೀವು ಬೇರೆ ಮಾಡಿದ್ದರಿಂದ ಹೇಂಟೆ ಅದನ್ನು ಹುಡುಕಿಕೊಂಡು ಏಳುತ್ತಿದೆ, ಉಳಿದ ಏಳು ಮೊಟ್ಟೆಗಳೂ ತಣ್ಣಗಾಗುವ ಅಪಾಯವಿದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗಿಡಿ, ಸೆಕೆಯಾದರೆ ಸರಿಯಲು ಇನ್ನೊಂದು ಬದಿ ಖಾಲಿ ಇರಲಿ. ಮೈ ಬೆಚ್ಚಗಾದೊಡನೆ ಗೂಡಿಗೆ ಗೋಣಿಚೀಲ ಇಳಿಬಿಟ್ಟು ಕತ್ತಲು ಮಾಡಿ, ಮರಿಯನ್ನು ಹೇಂಟೆಯ ರೆಕ್ಕೆಯಡಿಗೆ ಸರಿಸಿ. ಒಂದು ಗಂಟೆ ದೂರದಿಂದ ನೋಡಿ; ಕುಕ್ಕಿದರೆ ಮಾತ್ರ ತೆಗೆಯಿರಿ.

ಸಾಗರದ ಸದಸ್ಯ: ಮರಿ ಚಿಪ್ಪಿಗೆ ತೂತು ಮಾಡಿ 6 ಗಂಟೆಯಾಯಿತು, ಒಳಗಿನಿಂದಲೇ ಕೂಗುತ್ತಿದೆ. ಚಿಪ್ಪು ಸುಲಿಯಲೇ?

ಪಶುವೈದ್ಯರು: ಬೇಡ. 12ರಿಂದ 24 ಗಂಟೆ ಹಿಡಿಯುವುದು ಸಹಜ. ಉಳಿದ ಹಳದಿಯನ್ನು ಮರಿ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವ ಹೊತ್ತಿದು. ಪೊರೆಯ ರಕ್ತನಾಳಗಳು ಬತ್ತುವ ಮೊದಲು ಸುಲಿದರೆ ರಕ್ತ ಸುರಿದು ಸಾಯುತ್ತದೆ.

ಹೊಸನಗರದ ಸದಸ್ಯ: ಬಂದ ಸಂದೇಶವನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: ‘ಮರಿ ಕೂಗಿದರೆ ಒಂದು ಕರಿಮೆಣಸು ನುಂಗಿಸಿ, ಬೆಳ್ಳುಳ್ಳಿ ರಸದ ಎರಡು ಹನಿ ಬಿಡಿ. ಎಲ್ಲರಿಗೂ ತಿಳಿಸಿ.’

ಪಶುವೈದ್ಯರು: ದಯವಿಟ್ಟು ಯಾರಿಗೂ ತಿಳಿಸಬೇಡಿ. ಈ ಸಂದೇಶ ಗುಂಪಿಗೆ ಬರುತ್ತಿರುವುದು ಇದು ಮೂರನೆಯ ಸಲ. ಒಂದು ದಿನದ ಮರಿಯ ಬಾಯಿಗೆ ಬಲವಂತದಿಂದ ಬಿಟ್ಟ ಹನಿ ಶ್ವಾಸನಾಳಕ್ಕೆ ಇಳಿದರೆ ಉಳಿಸಲು ನನ್ನಿಂದಲೂ ಆಗುವುದಿಲ್ಲ.

ಹೊಸನಗರದ ಸದಸ್ಯ: ನಮ್ಮ ಅಜ್ಜಿ ಜೀವನವಿಡೀ ಮೆಣಸು ಕೊಟ್ಟೇ ಮರಿ ಸಾಕಿದವರು.

ಕೊಪ್ಪದ ಸದಸ್ಯ: ನಿಮ್ಮ ಅಜ್ಜಿಯವರು ಮರಿಯನ್ನು ಹೇಂಟೆಯ ಜೊತೆಗೇ ಬಿಟ್ಟಿರುತ್ತಾರೆ. ಉಳಿಸಿದ್ದು ಹೇಂಟೆಯ ಬಿಸಿ, ಮೆಣಸಲ್ಲ. ನಾವು ಮರಿಗಳ ಬುಟ್ಟಿಯನ್ನು ಬೆಂಕಿ ಆರಿದ ಬಚ್ಚಲೊಲೆಯ ಪಕ್ಕದಲ್ಲಿ ಇಡುತ್ತೇವೆ.

ಹೊಸನಗರದ ಸದಸ್ಯ: ಹೊಗೆ ಕುಡಿಸುವವರು ನನಗೆ ಬುದ್ಧಿ ಹೇಳುವುದು ಬೇಡ.

ಕೊಪ್ಪದ ಸದಸ್ಯ: ಬೆಂಕಿ ಆರಿದ ಮೇಲೆ ಇಡುತ್ತೇವೆ. ಓದದೆ ಉತ್ತರಿಸಬೇಡಿ.

ಪಶುವೈದ್ಯರು: ಬೆಂಕಿ ಆರಿ ಹೊಗೆ ಹೋದ ಮೇಲೆ ಒಲೆಯ ಕಾವು ಒಳ್ಳೆಯದೇ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬೇಡಿ. ಅದರ ವಿಷಗಾಳಿ ಮರಿಗಳ ಜೊತೆಗೆ ಮನೆಯವರನ್ನೂ ಕೊಲ್ಲುತ್ತದೆ. ಅಜ್ಜಿಯರ ವಿಷಯ ಇಲ್ಲಿಗೆ ಸಾಕು.

ಭದ್ರಾವತಿಯ ಸದಸ್ಯೆ: ಕೂಗಿನಿಂದ ಹುಂಜವೋ ಹೇಂಟೆಯೋ ಎಂದು ತಿಳಿಯಬಹುದೇ, ಸರ್?

ಶಿಕಾರಿಪುರದ ಸದಸ್ಯ: ಹಸಿವಿನಿಂದ ಕೂಗುತ್ತಿರಬಹುದಲ್ಲವೇ?

ಪಶುವೈದ್ಯರು: ಮೊದಲ ದಿನ ಹಸಿವಿನಿಂದ ಅಲ್ಲ. ಹೊಟ್ಟೆಯಲ್ಲಿರುವ ಹಳದಿ ಎರಡು ದಿನಕ್ಕೆ ಸಾಲುತ್ತದೆ. ಹಾಗೆಂದು ತಡಮಾಡಬೇಡಿ, ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಆಮೇಲೆ ಮರಿಗಳ ಆಹಾರ ಕೊಡಿ.

ಸೊರಬದ ಸದಸ್ಯ: ಚಿಪ್ಪು ಒಡೆದಿದೆ, ಮರಿ ಬರುತ್ತಿಲ್ಲ. ಸುಲಿಯಬಹುದೇ?

ಪಶುವೈದ್ಯರು: ಮೇಲೆ ಓದಿ.

ತೀರ್ಥಹಳ್ಳಿಯ ಸದಸ್ಯೆ: ಅಂಗೈಯಲ್ಲಿ ಹಿಡಿದಾಗ ಸುಮ್ಮನಾಯಿತು, ಡಾಕ್ಟರೇ. ಹೇಂಟೆ ಕುಕ್ಕಲಿಲ್ಲ, ರೆಕ್ಕೆ ಅಗಲಿಸಿ ಸೇರಿಸಿಕೊಂಡಿತು. ಇನ್ನೊಂದು ಮೊಟ್ಟೆಯ ಒಳಗಿನಿಂದಲೂ ಕೂಗು ಕೇಳಿಸುತ್ತಿದೆ.

ಪಶುವೈದ್ಯರು: ಸಂತೋಷ. ಮರಿಯ ಕಾಲು ಬೆಚ್ಚಗಿತ್ತೇ? ಆ ಮೊಟ್ಟೆಯನ್ನು ಮುಟ್ಟಬೇಡಿ, ನಾಳೆ ಬೆಳಗಿನವರೆಗೆ ಗೋಣಿಯನ್ನೂ ಎತ್ತಬೇಡಿ.

ತೀರ್ಥಹಳ್ಳಿಯ ಸದಸ್ಯೆ: ಬೆಚ್ಚಗಿತ್ತು.