ಮುಚ್ಚಿಹೋದ ಕಾಡುದಾರಿ ಹುಡುಕಿಕೊಂಡು ನಡೆದವರು ಅನುಭವ ಹೇಳಿ

ಹಳೆಯ ನಕ್ಷೆಯೊಂದರಲ್ಲಿ ಚುಕ್ಕೆಗೆರೆಯ ಕಾಲುದಾರಿಯೊಂದಿದೆ. ಕಾಡಿನ ಈ ಅಂಚಿನಿಂದ ಹೊರಟು, ಹಳ್ಳ ದಾಟಿ, ಗುಡ್ಡದ ನೆತ್ತಿಯ ಏಣು ಹತ್ತಿ ಆಚೆ ಬದಿಗೆ ಇಳಿಯುತ್ತದೆ. ಒಟ್ಟು 9 ಕಿಲೋಮೀಟರ್, ಏರು ಸುಮಾರು 600 ಮೀಟರ್. ಹೊಸ ನಕ್ಷೆಯಲ್ಲಿ ಅದು ಇಲ್ಲವೇ ಇಲ್ಲ. ಗುರುತು ಹಾಕಿದ ಟ್ರೇಲ್‌ಗಳಲ್ಲಿ ನಾಲ್ಕೈದು ವರ್ಷ ನಡೆದಿದ್ದೇನೆ, ಇಂಥದ್ದು ಇದೇ ಮೊದಲು. ಜೊತೆಗೆ ಒಬ್ಬ ಗೆಳತಿ ಇರುತ್ತಾಳೆ. ಅನುಮತಿ ಸಿಕ್ಕಿದೆ. ದಾರಿಯ ಗುರುತು ಹಿಡಿಯುವುದು ಹೇಗೆ? ಯಾವ ಹಂತದಲ್ಲಿ ಸಾಕು ಅಂತ ವಾಪಸ್ ತಿರುಗಬೇಕು? ಇಂಥ ಕಡೆ ಅಡ್ಡಾಡಿದವರು ದಯವಿಟ್ಟು ಹೇಳಿ. "ಹೋಗಲೇಬೇಡಿ" ಅನ್ನುವವರು ಮನೆಯಲ್ಲೇ ಸಾಕಷ್ಟು ಜನ ಇದ್ದಾರೆ, ಆ ಉತ್ತರವೊಂದು ಬೇಡ.

* * *

ಕೈಯಲ್ಲೊಂದು ಕೋಲು ಇಟ್ಟುಕೊಳ್ಳಿ. ಊರುವುದಕ್ಕಲ್ಲ, ನೆಲ ಚುಚ್ಚಿ ನೋಡುವುದಕ್ಕೆ. ದಾರಿಯಿಲ್ಲದ ಕಡೆ ಚುಚ್ಚಿದರೆ ತರಗೆಲೆ, ಅದರಡಿಯ ಕೊಳೆತ ಸೊಪ್ಪು, ಸಡಿಲ ಮಣ್ಣು ಎಲ್ಲ ದಾಟಿ ನಾಲ್ಕು ಬೆರಳಿನಷ್ಟು ಒಳಗಿಳಿಯುತ್ತದೆ. ವರ್ಷಗಟ್ಟಲೆ ಜನ ತುಳಿದ ಜಾಗದಲ್ಲಿ ಎಲೆ ದಾಟಿದ ಕೂಡಲೇ ಟಕ್ಕಂತ ನಿಲ್ಲುತ್ತದೆ. ಹಾಗೆ ತುಳಿದು ಗಟ್ಟಿಯಾದ ಮಣ್ಣು ದಶಕಗಟ್ಟಲೆ ಸಡಿಲವಾಗುವುದಿಲ್ಲ. ಮೇಲೆ ಏನೂ ಕಾಣದಿದ್ದರೂ ಎಡಕ್ಕೆರಡು, ಬಲಕ್ಕೆರಡು ಕಡೆ ಚುಚ್ಚಿ ನೋಡಿ ದಾರಿಯ ಅಗಲವನ್ನೇ ಅಳೆದದ್ದಿದೆ ನಾನು.

ಇನ್ನೊಂದು, ದರೆ. ಇಳಿಜಾರಿಗೆ ಅಡ್ಡಲಾಗಿ ದಾರಿ ಮಾಡುವಾಗ ಮೇಲ್ಬದಿಯ ಮಣ್ಣು ಕಡಿದು ಕಾಲಿಡುವಷ್ಟು ಸಮತಟ್ಟು ಮಾಡಿರುತ್ತಾರೆ. ಗಿಡ ಬೆಳೆದು ಮುಚ್ಚಿದರೂ ನೆಲದ ಆ ಆಕಾರ ಹೋಗುವುದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕುಕ್ಕರಗಾಲಲ್ಲಿ ಕೂತು ಇಳಿಜಾರಿನ ಉದ್ದಕ್ಕೆ ನೋಡಿ. ನಿಂತಾಗ ಬರೀ ಪೊದೆ ಕಂಡ ಕಡೆ, ಕೂತಾಗ ಗುಡ್ಡದ ಮೈಮೇಲೆ ನೆರಳಿನ ಗೆರೆಯೊಂದು ಎದ್ದು ಕಾಣುತ್ತದೆ. ಕೆಳಬದಿಯಲ್ಲಿ ಕಲ್ಲು ಪೇರಿಸಿದ ಗೋಡೆಯ ತುಂಡು ಸಿಕ್ಕಿದರಂತೂ ಸಂಶಯವೇ ಬೇಡ. ಎಲ್ಲಕ್ಕಿಂತ ನನಗೆ ಖುಷಿ ಕೊಡುವುದು ಗರಗಸದ ಗುರುತು. ತಾನಾಗಿ ಮುರಿದ ಮರದ ತುದಿ ಸೀಳುಸೀಳಾಗಿರುತ್ತದೆ, ಕೊಯ್ದದ್ದು ತಟ್ಟೆಯಂತೆ ಚಪ್ಪಟೆ. ಪಾಚಿ ಕಟ್ಟಿದ ದಿಮ್ಮಿಯ ಎರಡು ಚಪ್ಪಟೆ ತುದಿಗಳು ಒಂದು ಮೀಟರ್ ಅಂತರದಲ್ಲಿ ಎದುರುಬದುರಾಗಿ ಬಿದ್ದಿದ್ದರೆ, ನಡುವೆ ಹೋದದ್ದೇ ನಿಮ್ಮ ದಾರಿ.

ಪ್ರಾಣಿಗಳ ಜಾಡು ಮೋಸ ಮಾಡುತ್ತದೆ, ಹುಷಾರು. ಬಹಳ ಸಲ ಅದು ಮನುಷ್ಯರ ದಾರಿಗಿಂತ ಚೊಕ್ಕವಾಗಿರುತ್ತದೆ. ನೆಲ ನೋಡಬೇಡಿ, ಎದೆಮಟ್ಟ ನೋಡಿ. ಜಿಂಕೆ, ಹಂದಿ ಓಡಾಡುವ ಕಡೆ ಕೆಳಗೆ ಸಾಫಾಗಿದ್ದು ಸೊಂಟದಿಂದ ಮೇಲೆ ರೆಂಬೆಗಳು ಹೆಣೆದುಕೊಂಡಿರುತ್ತವೆ. ಜನರಿಗಾಗಿ ಮಾಡಿದ ದಾರಿಯಲ್ಲಿ ತಲೆಯೆತ್ತರದವರೆಗೆ ಹಿಂದೆಂದೋ ಜಾಗ ಬಿಡಿಸಿದ್ದು ಗೊತ್ತಾಗುತ್ತದೆ: ಕಾಂಡದಲ್ಲಿ ಹಳೆಯ ಕೊಯ್ತದ ಗಂಟು, ಒಂದೇ ವಯಸ್ಸಿನ ಎಳೆಗಿಡಗಳ ಸಾಲು. ಮನುಷ್ಯ ಏರು ತಪ್ಪಿಸಲು ಹಾವಿನಂತೆ ತಿರುವು ಹಾಕುತ್ತಾನೆ. ಪ್ರಾಣಿಗೆ ಆ ಹಂಗಿಲ್ಲ.

* * *

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ದಾರಿ ತಪ್ಪುವುದು ಗುರುತು ಗೊತ್ತಿಲ್ಲದೆ ಅಲ್ಲ ಸ್ವಾಮಿ, ಗುರುತು ಮರೆತು. ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ.

ಮೂವರು ಹೋಗಿದ್ದೆವು. ಎರಡು ಗಂಟೆ ದಾರಿ ಚೆನ್ನಾಗಿಯೇ ಸಿಗುತ್ತಿತ್ತು. ಒಂದು ಕಡೆ ಬೇರುಸಮೇತ ಕಿತ್ತುಬಿದ್ದ ದೊಡ್ಡ ಮರ. ಹತ್ತಿ ದಾಟುವಂತಿಲ್ಲ, ನುಸುಳುವಂತಿಲ್ಲ. ಕೆಳಬದಿಯಿಂದ ಬಳಸಿಕೊಂಡು ಹೋದೆವು. ಕೊಂಬೆಗಳ ರಾಶಿ ದಾಟಿದ ಕೂಡಲೇ ಎದುರಿಗೆ ಸ್ವಚ್ಛ ದಾರಿ! ಮಾತಾಡಿಕೊಂಡು ನಲವತ್ತು ನಿಮಿಷ ನಡೆದಿದ್ದೇವೆ. ಬರಬರುತ್ತಾ ತಲೆ ಬಗ್ಗಿಸಬೇಕಾಯಿತು, ಆಮೇಲೆ ಬೆನ್ನು, ಕೊನೆಗೆ ಅಂಬೆಗಾಲು. ಅದು ಹೋಗಿ ಮುಟ್ಟಿದ್ದು ಹಂದಿಗಳು ಹೊರಳಾಡುವ ಕೆಸರುಗುಂಡಿಗೆ. ಫೋನ್ ತೆಗೆದು ನೋಡಿದರೆ ದಾರಿಯ ಗೆರೆ ನಮ್ಮಿಂದ 300 ಮೀಟರ್ ಮೇಲೆ. ಮೂರು ಜನರಲ್ಲಿ ಒಬ್ಬರೂ ಅಷ್ಟು ಹೊತ್ತು ಫೋನ್ ನೋಡಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿದ್ದೆವು.

ವಾಪಸ್ ಮರದ ಹತ್ತಿರ ಬರಲು ಎರಡು ಗಂಟೆ ಹಿಡಿಯಿತು, ಯಾಕೆಂದರೆ ಹೋಗುವಾಗ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ಕಾಡು ಹಿಂದಿನಿಂದ ಬೇರೆಯದೇ ಮುಖ. ನಿಜವಾದ ದಾರಿ ಎಲ್ಲಿತ್ತು ಗೊತ್ತೇ? ಆ ಮರದ ಕಾಂಡಕ್ಕೆ ಅಂಟಿಕೊಂಡಂತೆ ಆಚೆ ಪಕ್ಕದಲ್ಲೇ, ನಾವು ಬಳಸಿ ಬಂದಲ್ಲಿಂದ ಹತ್ತು ಹೆಜ್ಜೆ ಮೇಲೆ.

ಅಂದಿನಿಂದ ನನ್ನ ಪದ್ಧತಿ ಇದು. ಬಿದ್ದ ಮರ ಬಳಸಿದರೆ ಮುಂದೆ ಹೋಗುವುದಿಲ್ಲ. ದಾರಿ ಮರದಡಿ ಹೊಕ್ಕ ಜಾಗಕ್ಕೆ ಸರಿಯಾಗಿ ಆಚೆ ಬದಿಗೆ ಬಂದು ನಿಂತು, ದಾರಿ ಕಾಲಿಗೆ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ. ತಿರುವುಗಳಲ್ಲೂ ಅಷ್ಟೇ. ದಾರಿ ಎಡಕ್ಕೆ ಮಡಚಿಕೊಂಡಿರುತ್ತದೆ, ಪ್ರಾಣಿಗಳ ಜಾಡು ನೇರ ಮುಂದಕ್ಕೆ ಕರೆಯುತ್ತದೆ. ಹಳ್ಳ ದಾಟುವಾಗ ಇನ್ನೂ ಕಷ್ಟ, ಪ್ರವಾಹ ಎರಡೂ ದಡ ಕೊರೆದುಕೊಂಡು ಹೋಗಿರುತ್ತದೆ. ಒಬ್ಬರು ಈ ದಡದಲ್ಲಿ ದಾರಿ ಮುಗಿದ ಜಾಗದಲ್ಲೇ ನಿಲ್ಲಿ, ಇನ್ನೊಬ್ಬರು ಆ ದಡದಲ್ಲಿ ಮೇಲಕ್ಕೆ 50 ಮೀಟರ್, ಕೆಳಕ್ಕೆ 50 ಮೀಟರ್ ಹುಡುಕಿ.

ಹತ್ತು ನಿಮಿಷದಿಂದ ಒಂದೂ ಗಟ್ಟಿ ಗುರುತು ಸಿಕ್ಕಿಲ್ಲ ಅನ್ನಿಸಿದರೆ ನಿಂತುಬಿಡಿ. ಕೊನೆಯ ಸಲ ಖಚಿತವಾಗಿ ದಾರಿಯ ಮೇಲಿದ್ದದ್ದು ಎಲ್ಲಿ? ಅಲ್ಲಿಗೆ ವಾಪಸ್. "ಇಲ್ಲೇ ಎಲ್ಲೋ ಇರಬೇಕು, ಸ್ವಲ್ಪ ಮುಂದೆ ನೋಡೋಣ" ಅನ್ನುವ ಮಾತು ಯಾರ ಬಾಯಿಂದ ಬಂದರೂ ಅದನ್ನೇ ಅಪಾಯದ ಗಂಟೆ ಅಂದುಕೊಳ್ಳಿ. ನೇರ ಹೋದರೆ ಎಲ್ಲಾದರೂ ಹೊರಬೀಳುತ್ತೇವೆ ಅನ್ನುವುದೂ ಭ್ರಮೆ. 2009ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ಯಾನ್ ಸೌಮನ್ ಮತ್ತು ತಂಡ ಜನರನ್ನು ಕಾಡಿನಲ್ಲಿ ನೇರವಾಗಿ ನಡೆಯಲು ಬಿಟ್ಟು ಜಿಪಿಎಸ್‌ನಲ್ಲಿ ಜಾಡು ಹಿಡಿದರು. ಸೂರ್ಯ ಕಾಣುತ್ತಿದ್ದಾಗ ನಡೆದವರು ಬಹುಮಟ್ಟಿಗೆ ನೇರವಾಗಿಯೇ ಹೋದರು. ಮೋಡ ಕವಿದಾಗ ನಡೆದವರು ಸುತ್ತು ಹೊಡೆದು ತಮ್ಮದೇ ಹೆಜ್ಜೆ ದಾಟಿದರು, ಅವರಿಗೆ ಅದು ಗೊತ್ತೂ ಆಗಲಿಲ್ಲ.

ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ಊರಿಗಿಂತ ಮೊದಲು ಜಲಪಾತದ ನೆತ್ತಿ ಸಿಗುತ್ತದೆ. ನೀರಿನ ಸದ್ದಿನಲ್ಲಿ ನಿಮ್ಮನ್ನು ಹುಡುಕುವವರ ಕೂಗೂ ಕೇಳಿಸುವುದಿಲ್ಲ.

* * *

ನಕ್ಷೆಯ ಹುಚ್ಚಿನವನು ನಾನು. ಹಾಗಾಗಿ ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸದ ಬಗ್ಗೆ ಮಾತ್ರ.

ನಿಮ್ಮ ನಕ್ಷೆ 1:50,000 ಅಳತೆಯದ್ದಾದರೆ ಅದರಲ್ಲಿನ 1 ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್. ಚುಕ್ಕೆಗೆರೆಯ ದಪ್ಪವೇ ನೆಲದಲ್ಲಿ ಇಪ್ಪತ್ತು ಮೀಟರ್ ನುಂಗುತ್ತದೆ. ಆ ಗೆರೆಯನ್ನು ಫೋನಿಗೆ ಹಾಕಿಕೊಂಡು ಅದರ ಮೇಲೆಯೇ ನಡೆಯುತ್ತೇನೆಂದು ಹಟ ಹಿಡಿಯಬೇಡಿ. ಗೆರೆ ಹೇಳುವುದು ಇಷ್ಟೇ: ದಾರಿ ಹಳ್ಳದ ಈ ಬದಿಯೋ ಆ ಬದಿಯೋ, ಏಣನ್ನು ದಾಟುವುದು ಯಾವ ತಗ್ಗಿನಲ್ಲಿ. ಹಾಗೆಯೇ ಕಂಟೂರ್ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಡುವಿನ ಎತ್ತರದ ಅಂತರ 20 ಮೀಟರ್ ಇದ್ದರೆ, 15 ಮೀಟರಿನ ಕಡಿದಾದ ಬಂಡೆಯೊಂದು ಎರಡು ಗೆರೆಗಳ ನಡುವೆ ಅಡಗಿ ಕೂತಿರಬಹುದು. ನಕ್ಷೆಯಲ್ಲಿ ಸಾಧಾರಣ ಇಳಿಜಾರಿನಂತೆ ಕಾಣುತ್ತದೆ, ಎದುರಿಗೆ ನಿಂತಾಗ ಗೋಡೆ.

ಒಂದೇ ನಕ್ಷೆ ನಂಬದೆ ಬೇರೆಬೇರೆ ವರ್ಷದ ಎರಡು ಮೂರು ಆವೃತ್ತಿ ಹೋಲಿಸಿ. ಜನರೇ ಸೇರಿ ತುಂಬುವ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾರಿ ಎಷ್ಟು ಕಾಣಿಸುತ್ತದೆ ಅಂತ ಬರೆಯಲೆಂದೇ 'ಟ್ರೇಲ್ ವಿಸಿಬಿಲಿಟಿ' ಎಂಬ ಟ್ಯಾಗ್ ಇದೆ, ಯಾರಾದರೂ ತುಂಬಿದ್ದರೆ ಅದೃಷ್ಟ. ನಿಮ್ಮ ಪ್ರದೇಶದ ಲೈಡಾರ್ ಚಿತ್ರ ಸಿಕ್ಕಿದರೆ ಹಬ್ಬ. ವಿಮಾನದಿಂದ ಬಿಟ್ಟ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಮರಳುತ್ತವೆ. ಮರಗಳನ್ನೆಲ್ಲ ಕಳೆದು ಬರೀ ನೆಲದ ಏರುತಗ್ಗು ತೋರಿಸುವ ಚಿತ್ರ ಮಾಡಬಹುದು. ಮೊದಲ ಉತ್ತರದಲ್ಲಿ ಹೇಳಿದ ದರೆ ಅದರಲ್ಲಿ ಕೂದಲೆಳೆಯ ಹಾಗೆ ಕಾಣುತ್ತದೆ.

ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ನಕ್ಷೆ ಮೊದಲೇ ಇಳಿಸಿಕೊಂಡು ಏರ್‌ಪ್ಲೇನ್ ಮೋಡ್‌ನಲ್ಲಿ ಇಡಿ, ಚಾರ್ಜ್ ಉಳಿಯುತ್ತದೆ. ದಟ್ಟ ಮರಗಳಡಿ, ಆಳದ ಕಣಿವೆಯಲ್ಲಿ ಅದು ಹತ್ತಾರು ಮೀಟರ್ ಆಚೀಚೆ ತೋರಿಸುವುದುಂಟು, ಗಾಬರಿಯಾಗಬೇಡಿ. ದಿಕ್ಸೂಚಿಯೂ ಇರಲಿ. ಅದರ ಮುಳ್ಳು ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಳೆಯ ನಕ್ಷೆಯ ಅಂಚಿನಲ್ಲಿ ಅಚ್ಚಾದ ಅಂಕಿ ಇವತ್ತಿಗೆ ನಡೆಯುವುದಿಲ್ಲ. ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್‌ಗೆ ಸುಮಾರು 17 ಮೀಟರ್ ಸರಿಯುತ್ತೀರಿ.

ಸಮಯದ ಲೆಕ್ಕ: ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಂತೆ ಗಂಟೆಗೆ ಸುಮಾರು 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಹಾಗೆ ನೋಡಿದರೆ ನಿಮ್ಮ ದಾರಿ ಎರಡು ಮುಕ್ಕಾಲು ಗಂಟೆಯದು. ಆ ಅಂಕಿಯನ್ನು ಮರೆತುಬಿಡಿ. ಮುಚ್ಚಿದ ದಾರಿಯಲ್ಲಿ ನನಗೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಹೆಚ್ಚು. ಅಂದರೆ ಒಂಬತ್ತು ಗಂಟೆ, ಹೆಚ್ಚುಕಡಿಮೆ ಪೂರ್ತಿ ಹಗಲು. ಮೊದಲ ಸಲವೇ ದಾಟಿಬಿಡುವ ಯೋಚನೆ ಬಿಡಿ. ಬೆಳಕಿರುವ ಹೊತ್ತಿನಲ್ಲಿ ಮೂರನೇ ಒಂದು ಭಾಗ ಮುಗಿದಾಗ ಎಲ್ಲಿದ್ದೀರೋ ಅಲ್ಲಿಂದ ವಾಪಸ್, ಏಣು ಕೈಗೆಟುಕುವಷ್ಟು ಹತ್ತಿರ ಇದ್ದರೂ.

* * *

ಚಿಕ್ಕಪುಟ್ಟದ್ದು ಕೆಲವು. ದಿಮ್ಮಿ ದಾಟುವಾಗ ಒಮ್ಮೆಲೇ ಆಚೆ ಕಾಲಿಡಬೇಡಿ, ಬಗ್ಗಿ ಆಚೆ ಮಗ್ಗುಲು ನೋಡಿ. ಹಾವು ತಣ್ಣಗೆ ಮಲಗುವ ಜಾಗ ಅದು. ಕೂರುವ ಮೊದಲು ತಲೆಯೆತ್ತಿ ನೋಡಿ, ಒಣಗಿ ಸಿಕ್ಕಿಕೊಂಡಿರುವ ಕೊಂಬೆಗಳನ್ನು ಇಂಥ ಕಡೆ ಯಾರೂ ತೆಗೆದಿರುವುದಿಲ್ಲ. ಉಣ್ಣೆ ಕಚ್ಚಿದರೆ ಎಣ್ಣೆ, ಬೆಂಕಿ ಏನೂ ಬೇಡ. ಸೂಕ್ಷ್ಮ ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಇಬ್ಬರ ಹತ್ತಿರವೂ ಸೀಟಿ ಇರಲಿ, ಚೀಲದೊಳಗಲ್ಲ, ಕೊರಳಲ್ಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಆರು, ಇದು ಪರ್ವತಗಳಲ್ಲಿ ಸಹಾಯ ಬೇಡುವ ಹಳೆಯ ಸಂಕೇತ. ನಿಮಿಷಕ್ಕೆ ಮೂರು ಕೇಳಿಸಿದರೆ ಯಾರೋ ಉತ್ತರ ಕೊಟ್ಟರು ಅಂತ. ಮನೆಯಲ್ಲಿ "ಬೇಡ" ಅಂದವರ ಕೈಗೇ ನಕ್ಷೆಯ ಪ್ರತಿ ಕೊಟ್ಟು, ಇಷ್ಟು ಗಂಟೆಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಬರೆದಿಡಿ. ಅವರಷ್ಟು ಕಾಯುವವರು ಬೇರೆ ಯಾರೂ ಸಿಗುವುದಿಲ್ಲ.

ಸಂಶಯದ ಜಾಗಗಳಲ್ಲಿ ಬಣ್ಣದ ಪಟ್ಟಿ ಕಟ್ಟಿಕೊಂಡು ಹೋಗಿ, ಬರುವಾಗ ಸುಲಭ.

* * *

ಪಟ್ಟಿಯ ವಿಷಯದಲ್ಲಿ ನನ್ನ ತಕರಾರಿದೆ (ಹಂದಿಗುಂಡಿಯವನು ನಾನೇ). ಕಟ್ಟುವವರೆಲ್ಲ ಬಿಚ್ಚುತ್ತೇವೆ ಅಂತಲೇ ಕಟ್ಟುತ್ತಾರೆ. ಎಂದೋ ಯಾರೋ ದಾರಿ ತಪ್ಪಿ ಕಟ್ಟಿದ ಪಟ್ಟಿಗಳನ್ನು ನಂಬಿ ನಾನೊಮ್ಮೆ ಮುಳ್ಳಿನ ಪೊದೆಯೊಳಗೆ ಹೋಗಿದ್ದೇನೆ. ಕಟ್ಟಲೇಬೇಕಾದರೆ ಎಣಿಸಿ ಕಟ್ಟಿ, ಎಣಿಸಿ ಬಿಚ್ಚಿ. ಹನ್ನೆರಡು ಒಯ್ದರೆ ಹನ್ನೆರಡೂ ವಾಪಸ್ ಜೇಬಿಗೆ ಬರಬೇಕು. ಕತ್ತಿ ಒಯ್ಯಬೇಡಿ. ನಡೆಯಲು ಸಿಕ್ಕ ಅನುಮತಿ ಕಡಿಯಲು ಸಿಕ್ಕ ಅನುಮತಿಯಲ್ಲ.

* * *

ಪ್ರಶ್ನೆ ಕೇಳಿದವಳು. ಎಲ್ಲರಿಗೂ ಥ್ಯಾಂಕ್ಸ್, ಹೋಗಿ ಬಂದೆವು. ದಾಟಲಿಲ್ಲ. ಮೂರೂವರೆ ಗಂಟೆಯಲ್ಲಿ ನಡೆದದ್ದು ಎರಡೂವರೆ ಕಿಲೋಮೀಟರ್. ಹಳ್ಳದಲ್ಲಿ ಹೇಳಿದ ಹಾಗೆಯೇ ಮಾಡಿದೆವು: ಗೆಳತಿ ಈ ದಡದಲ್ಲಿ ನಿಂತಳು, ನಾನು ಆ ದಡದಲ್ಲಿ ಹುಡುಕಿದೆ. ಮೇಲಕ್ಕೆ ಏನೂ ಇಲ್ಲ. ಕೆಳಕ್ಕೆ ಮೂವತ್ತು ಹೆಜ್ಜೆಯಲ್ಲಿ ಪಾಚಿ ಮುಚ್ಚಿದ ಕಲ್ಲಿನ ಕಟ್ಟೆಯೊಂದು ಸಿಕ್ಕಿತು, ಹಿಂದೆ ಕಾಲುಸಂಕ ಇದ್ದಿರಬೇಕು. ಅಲ್ಲಿಂದ ಮೇಲೆ ಕೋಲು ಚುಚ್ಚುತ್ತಾ ಹೋದೆವು. ಮೂರನೇ ತಿರುವಿನಲ್ಲಿ ತಪ್ಪಿ ನೇರ ಹೋಗಿ, ರೆಂಬೆ ಮುಖಕ್ಕೆ ಬಡಿದ ಮೇಲೆ "ಎದೆಮಟ್ಟ" ನೆನಪಾಗಿ ವಾಪಸ್ ಬಂದೆವು. ಪಟ್ಟಿ ಒಂಬತ್ತು ಕಟ್ಟಿದ್ದೆವು, ಬಿಚ್ಚಿದ್ದು ಎಂಟು. ಒಂಬತ್ತನೆಯದು ಹಳ್ಳದ ಈಚೆ ಎಲ್ಲೋ ಇದೆ. ಅದನ್ನು ತರಲು ಮುಂದಿನ ತಿಂಗಳು ಹೋಗಬೇಕು.